ಗೆರಟೆಯ ಅಡಿಯಲ್ಲಿ ಮರುವಾಯಿ

ಕುಂಬಳೆಯ ಕಡಪ್ಪುರ, ಅಂಗನವಾಡಿಯ ಒಂದೇ ಕೋಣೆ,
ಹದಿನಾಲ್ಕು ಮಕ್ಕಳು,
ಒಂದು ತೆಂಗಿನ ಗೆರಟೆ, ಒಂದು ಮರುವಾಯಿ ಚಿಪ್ಪು.
ಇಷ್ಟೇ ನನ್ನ ಪಾಠದ ಸಾಮಾನು.
ಇಲಾಖೆ ಕಳಿಸಿದ ಚಿತ್ರಪಟದಲ್ಲಿ
ಮೇಜಿನ ಮೇಲೆ ಸೇಬು, ಮೇಜಿನ ಕೆಳಗೆ ಬೆಕ್ಕು.
ನಮ್ಮಲ್ಲಿ ಮೇಜಿಲ್ಲ. ಬೆಕ್ಕು ಇದೆ,
ಅದು ಹೇಳಿದಲ್ಲಿ ಕೂರುವುದಿಲ್ಲ.

ಗೆರಟೆಯನ್ನು ಕವುಚಿ ಹಾಕುತ್ತೇನೆ.
ಮರುವಾಯಿ ಎಲ್ಲಿ?
"ಮೇಲೆ!"
ಕಣ್ಣು ಮುಚ್ಚಿ. ಈಗ?
"ಅಡಿಯಲ್ಲಿ!"
ಪ್ರಣ್ವಿತ್ ಮಾತ್ರ ಕಣ್ಣು ಮುಚ್ಚುವವನಲ್ಲ,
ಬೆರಳ ಸಂದಿಯಿಂದ ಎಲ್ಲ ನೋಡುತ್ತಾನೆ,
ಆದರೂ ಅವನ ಉತ್ತರವೇ ತಪ್ಪು.

ಧನ್ವಿ ಮಿತ್ತ್ ಅನ್ನುತ್ತಾಳೆ, ಅದು ಅವಳ ಮನೆಯ ಮಾತು.
ಮಿಸ್ಬಾಳಿಗೆ ಅಲ್ಲಿಯೂ ಮೇಲೆ, ಇಲ್ಲಿಯೂ ಮೇಲೆ,
ಪುಣ್ಯವಂತೆ, ಒಂದು ಪದದ ಕೆಲಸ ಉಳಿಯಿತು.
ಉಲಾಯಿ, ಅಗತ್ತ್, ಒಳಗೆ.
ಗೆರಟೆಗೆ ದೇವರು ಮೂರು ಕಣ್ಣು ಕೊಟ್ಟದ್ದು
ಸುಮ್ಮನೆ ಇರಲಿಕ್ಕಿಲ್ಲ.

"ಒಳಗೆ" ಕಲಿಸಿದ ದಿನ ಅಯ್ಯೂಬ್
ಒಂದು ಮಂಜೊಟ್ಟಿ ಕಾಳನ್ನು
ಮೂಗಿನೊಳಗೆ ಇಟ್ಟುಕೊಂಡ.
ಕಮಲಾಕ್ಷಿಯಕ್ಕ ಉಪ್ಪಿಟ್ಟಿನ ಸೌಟು ಬಿಸಾಡಿ ಬಂದು
ಸೆರಗಿನ ಗಂಟಿನಿಂದ ನಶ್ಯ ತೆಗೆದು
ಚಿಟಿಕೆ ಹಿಡಿದಳು. ಒಂದು ಸೀನು.
ಕಾಳು ಹೊರಗೆ, ಗೋಡೆಗೆ ತಾಗಿ ಉರುಳಿ
ಬೆಕ್ಕಿನ ಮುಂದೆ.
ಆ ಎರಡು ಪದ ಅವನು ಇನ್ನು ಮರೆಯಲಾರ.
ನಾನೂ.

ಆಟಿಯ ಕಡಲಿಗೆ ದೋಣಿ ಇಳಿಸುವವರಿಲ್ಲ.
ಅಂಗಳದಾಚೆ ಮರಳಲ್ಲಿ ಕವುಚಿ ಮಲಗಿವೆ,
ಮಳೆ ಬಿಟ್ಟ ಅರ್ಧ ಗಂಟೆ ಅವು ನಮ್ಮ ದೊಡ್ಡ ಗೆರಟೆಗಳು.
ಕಣ್ಣಾಮುಚ್ಚಾಲೆಯಲ್ಲಿ ಸಹ್ಲಾ ಒಂದರಡಿ ನುಸುಳಿದಳು.
"ಸಹ್ಲಾ ದೋಣಿಯ ಅಡಿಯಲ್ಲಿ" ಎಂದಳು ಮಿಸ್ಬಾ.
"ಅಲ್ಲ, ದೋಣಿಯ ಒಳಗೆ" ಎಂದ ಪ್ರಣ್ವಿತ್,
ಜೀವನದಲ್ಲಿ ಮೊದಲ ಸಲ ಗಟ್ಟಿಯಾಗಿ.
ಕೂದಲು ಹಿಡಿಯುವವರೆಗೆ ಹೋಯಿತು.
ನ್ಯಾಯಕ್ಕೆ ನನ್ನನ್ನು ಕರೆದರು.

ಮೊಣಕಾಲೂರಿ ಬಗ್ಗಿ ನೋಡಿದೆ.
ಡಾಮರಿನ ವಾಸನೆ, ಹಳೆಯ ಮೀನಿನ ವಾಸನೆ.
ಅವರಪ್ಪಂದಿರು ಕೂರುವ ಹಲಗೆ ಅವಳ ನೆತ್ತಿಯ ಮೇಲಿದೆ,
ಆಕಾಶ ನೋಡಬೇಕಾದ ಹೊಟ್ಟೆ ಮರಳು ನೋಡುತ್ತಿದೆ.
ಇಬ್ಬರೂ ಸರಿ ಅಂದರೆ
ಒಪ್ಪುವ ವಯಸ್ಸಲ್ಲ ಅದು.
"ಅವಳನ್ನೇ ಕೇಳಿ" ಎಂದು ತಪ್ಪಿಸಿಕೊಂಡೆ.
ಹಲಗೆ ಬಡಿದರು. ಕತ್ತಲೆಯಿಂದ ಉತ್ತರ ಬಂತು:
"ನಾನು ಇಲ್ಲಿಯೇ ಇದ್ದೇನೆ,
ದೋಣಿ ನನ್ನ ಮೇಲೆ ಕೂತಿದೆ!"

ಶನಿವಾರ ಚಿತ್ರ ಬಿಡಿಸುವ ದಿನ.
ನಿಮ್ಮ ಮನೆಯ ಮುಂದೆ ಏನು, ಹಿಂದೆ ಏನು?
ಅಯ್ಯೂಬ್ ಮುಂದೆ ಆಡು ಬಿಡಿಸಿದ, ಹಿಂದೆ ಇನ್ನೊಂದು ಆಡು.
ಧನ್ವಿ ನೀಲಿ ಬಣ್ಣದ ಕಡ್ಡಿಯನ್ನು
ಕಾಗದ ಹರಿಯುವ ಹಾಗೆ ಉಜ್ಜಿದಳು.
"ಮುಂದೆ ಕಡಲು.
ಹಿಂದೆ, ಮುಂದೆ ಗಾಳಿಮರ ಇತ್ತು."
ಒಂದೇ ಉಸಿರಿನಲ್ಲಿ ಎರಡು ಪದ, ಎರಡೂ ಸರಿ.
"ಅದರ ಪಕ್ಕ ಬಾವಿ ಇತ್ತು."
ಬಾವಿ ಈಗ ಎಲ್ಲಿದೆ ಮಗಾ?
ನೀಲಿಯ ನಡುವೆ ಒಂದು ಸಣ್ಣ ಸೊನ್ನೆ ಸುತ್ತಿ
ಬೆರಳಿಟ್ಟು ತೋರಿಸಿದಳು.
"ನೀರಿನ ಒಳಗೆ."

ಬಾವಿಯ ಒಳಗೆ ನೀರು ಎಂದು
ಮಂಗಳವಾರ ಕಲಿಸಿದ್ದೆ.

ರಿಜಿಸ್ಟರು ಮಲಯಾಳದಲ್ಲಿದೆ, ಸರಿ ಗುರುತಿಗೆ ಭಾಷೆ ಇಲ್ಲ.
ಹದಿನಾಲ್ಕು ಹೆಸರುಗಳ ಮುಂದೆ ಹದಿನಾಲ್ಕು ಗುರುತು ಹಾಕಿ
ಕೀಲಿಕೈ ಹುಡುಕಿದೆ. ಅದು ಗೆರಟೆಯ ಅಡಿಯಲ್ಲಿತ್ತು,
ಯಾರ ಕೆಲಸವೋ.
ಗೋಡೆಯಿಂದ ಕಳಚಿ ಬಿದ್ದ ಚಿತ್ರಪಟದ ಮೇಲೆ
ಬೆಕ್ಕು ಮಲಗಿತ್ತು,
ಮೇಜೂ ಕಾಣದ ಹಾಗೆ, ಸೇಬೂ ಕಾಣದ ಹಾಗೆ.