ಬಾಯಲ್ಲೆಳೆದ ನೂಲು

ನಾಯಗಾಂವ ಚಾಳಿನ ಮೂರನೆಯ ಮಾಳಿಗೆಯಲ್ಲಿ
ನಮ್ಮಜ್ಜ ಹುಸೇನಪ್ಪನ ಫೋಟೋ ಇಲ್ಲ,
ಒಂದು ಲಾಳಿ ಇದೆ.
ಎರಡೂ ತುದಿಗೆ ಹಿತ್ತಾಳೆಯ ಮೂತಿ,
ಮಗ್ಗುಲಲ್ಲಿ ಜೋಳದ ಕಾಳು ತೂರದಷ್ಟು ಸಣ್ಣ ತೂತು.

ಆ ತೂತಿಗೆ ತುಟಿಯಿಟ್ಟು ಉಸಿರೆಳೆದರೆ
ಒಳಗಿನ ಕಂಡಿಕೆಯ ನೂಲು ನಾಲಗೆಗೆ ಬರುತ್ತಿತ್ತಂತೆ.
ನೇಕಾರ ದಿನವಿಡೀ ಹಾಗೆ ಎಳೆಯಬೇಕು.
ಮಗ್ಗದ ಖಾತೆಗೆ ಪಗಾರ ಜಾಸ್ತಿ.
ಅಜ್ಜನಿಗೆ ಅಲ್ಲಿ ಕಾಲಿಡಲು ಬಿಡಲಿಲ್ಲ.
ಹೊಲೆಯನ ಉಗುಳು ತಾಗಿದ ಲಾಳಿಗೆ
ಮುಂದಿನ ಪಾಳಿಯವ ಬಾಯಿ ಹಚ್ಚುವುದೆಂತು?
ಹದಿನೇಳು ವರ್ಷ ನೂಲುವ ಖಾತೆಯಲ್ಲೇ
ತುಂಬಿದ ಬಾಬಿನ್ ಕಿತ್ತು ಖಾಲಿಯದನ್ನು ಸಿಕ್ಕಿಸಿದ.

ಹುಟ್ಟಿದ ಧರ್ಮದಲ್ಲಿ ಸಾಯುವುದಿಲ್ಲ ಎಂಬ ಮಾತು
ಯೇವಲೆಯಿಂದ ಹೊರಟು ಮುಂಬಯಿ ಮುಟ್ಟಿದ ವರ್ಷ
ಚಾಳಿನ ಮೆಟ್ಟಿಲು ಸವೆಯಿತು.
ಪಾದ್ರಿ ಬಂದರು, ಧಾರವಾಡದಲ್ಲಿ ಕಲಿತ ಕನ್ನಡದಲ್ಲಿ.
ಪಂಜಾಬಿನಿಂದ ಸರದಾರರು.
ಗಿರಣಿ ಧಣಿಯ ಕಡೆಯವರೂ ಬಂದರು,
ಮೊದಲ ಸಲ ನಮ್ಮ ಚಾಪೆಯ ಮೇಲೆ ಕೂತು,
ಬಿಟ್ಟು ಹೋಗಬೇಡಿ ಎನ್ನಲು.
ಮೌಲ್ವಿಯೊಬ್ಬರು ಉರ್ದು ಕರಪತ್ರ ಕೊಟ್ಟರು.
ಓದುವವರಿಲ್ಲ. ಅಕ್ಷರ ಕಾಲಾಗ ಬೀಳಬಾರದು ಅಂತ
ಅಜ್ಜಿ ದುರುಗವ್ವ ಅದನ್ನು ಟ್ರಂಕಿನೊಳಗಿಟ್ಟಳು.

ಕೊನೆಗೆ ಬಂದವನು ಇಲಾಹಿಬಕ್ಷ,
ಮದನಪುರದವ, ಅದೇ ಗಿರಣಿಯ ನೇಕಾರ,
ಒಂದು ಶುಕ್ರವಾರ, ಮನೆಯಿಂದ ದೊಡ್ಡ ತಾಟು ಹೊತ್ತು.
ಇಬ್ಬರೂ ಅದರಲ್ಲೇ ಕೈಯಿಟ್ಟರು.
"ನಿನ್ನ ಹೆಸರು ಆಗಲೇ ನಮ್ಮ ಮನೆಗೆ ಬಂದು ಕೂತಿದೆ,
ಹುಸೇನಪ್ಪ, ನೀನೊಬ್ಬ ಬಾಕಿ."

ಹೆಸರಿನದೇನು ಕಥೆ?
ಇಂಡಿ ತಾಲೂಕಿನ ನಮ್ಮೂರಲ್ಲಿ ಮೂರು ಕೂಸು ಮಣ್ಣಾದ ಮೇಲೆ
ಮುತ್ತಜ್ಜಿ ಅಲಾಯಿ ದೇವರಿಗೆ ಸಕ್ಕರೆ ಓದಿಸಿದ್ದಳು.
ನಾಲ್ಕನೆಯದು ಉಳಿಯಿತು.
ಯಾರೂ ಅದನ್ನು ಮತಾಂತರ ಎನ್ನಲಿಲ್ಲ. ಬದುಕಿತು ಎಂದರು.

ಅಜ್ಜ ದೇವರ ಬಗ್ಗೆ ಏನೂ ಕೇಳಲಿಲ್ಲ.
"ಮುಂಜಾನೆ ಕಲ್ಮಾ ಓದಿದ್ರ
ಮಧ್ಯಾಹ್ನದ ಪಾಳೇಕ ಲಾಳಿ ಕೈಗೆ ಬರತೈತೇನು?"

ಇಲಾಹಿಬಕ್ಷ ಸುಳ್ಳಾಡಬಹುದಿತ್ತು.
ತಾಟಿನಂಚಿಗೆ ಅಂಟಿದ ಅಗುಳು ಒಂದೊಂದೇ ಆರಿಸಿ ತಿಂದ.
"ಮಸೀದಿಯಲ್ಲಿ ಭುಜಕ್ಕೆ ಭುಜ ಹಚ್ಚಿ ನಿಲ್ಲುತ್ತೀ.
ಅದಕ್ಕೆ ನಾನು ಹೊಣೆ.
ಮಗ್ಗದ ಮನೆಯದು... ನನ್ನಣ್ಣನನ್ನು ಕೇಳಬೇಕು."

ಬಾಗಿಲ ಮರೆಯಿಂದ ಅಜ್ಜಿ:
"ಕೇಳ್ಕೊಂಡ ಬಾ ಮತ್ತ. ಅಲ್ಲೀತನ ಉಣ್ಣು."

ಅಜ್ಜಿಯ ತಮ್ಮ ಯಮನೂರಪ್ಪ ಮಾತ್ರ ಕಾಯಲಿಲ್ಲ.
ಯೂಸುಫನಾಗಿ ಕುರ್ಲಾದ ಗಿರಣಿ ಸೇರಿದ.
ಹೊಸಬ, ಹಳೆಯದನ್ನು ಯಾರೂ ಕೆದಕಲಿಲ್ಲ,
ಲಾಳಿ ಸಿಕ್ಕಿತು.
ಹೆಣ್ಣು ಕೇಳಲು ಹೋದಾಗ ಕೆದಕಿದರು.
ಎರಡು ವರ್ಷ ತಡೆದು ಸೊಲ್ಲಾಪುರದ ಕಡೆಯವಳೊಬ್ಬಳು,
ಅವಳ ಹಳೆಯದನ್ನು ಇವನು ಕೇಳಲಿಲ್ಲ.
ಅಜ್ಜಿ ಮದುವೆಗೆ ಹೋಗಿ ಬಂದು
ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲ,
ಮುನಿಸೋ, ಹೊಟ್ಟೆಕಿಚ್ಚೋ, ಕೇಳುವ ಧೈರ್ಯ ಯಾರಿಗಿತ್ತು?

ಒಂದು ಭಾನುವಾರ ಅವನು ಟ್ರಾಮಿಳಿದು ಬಂದ,
ಅಂಗಿಯೊಳಗೆ ಈ ಲಾಳಿ.
ಕದ್ದದ್ದೇ.
"ಎಳಿ ಮಾವಾ."
ಅಜ್ಜ ಎಳೆದ. ನೂಲು ಗಂಟಲಿಗೆ ಹೋಗಿ ಕೆಮ್ಮಿದ,
ಕಣ್ಣಲ್ಲಿ ನೀರು ಬರುವಷ್ಟು.
"ರುಚಿ ಹೆಂಗೈತಿ?"
"ಎಣ್ಣಿ. ಹತ್ತಿ. ನಿನ್ನ ಉಗುಳು."
ಆ ನಗು ಕೆಳಗಿನ ನಲ್ಲಿಯವರೆಗೂ ಕೇಳಿಸಿತಂತೆ.

ಇಪ್ಪತ್ತು ವರ್ಷ ಕಳೆದು ಬಿಳಿ ಅಂಗಿ ತೊಟ್ಟು
ಸಾಲಿನಲ್ಲಿ ನಿಂತು ಅಜ್ಜ ಬುದ್ಧನಿಗೆ ಶರಣೆಂದ.
ಪಟ್ಟಿ ಬರೆಯುತ್ತಿದ್ದ ಹುಡುಗ ತಲೆಯೆತ್ತಿ
ಹೆಸರು ಬದಲಿಸೋಣವೇ ಎಂದ.
"ಅದು ನಮ್ಮವ್ವ ಬೇಡ್ಕೊಂಡದ್ದು.
ನಿಂದೇನ ಐತಿ ಬರಿ."

ಇಲಾಹಿಬಕ್ಷ ಅಣ್ಣನನ್ನು ಕೇಳಿದನೋ ಇಲ್ಲವೋ
ನನಗೆ ಗೊತ್ತಿಲ್ಲ.
ಶುಕ್ರವಾರಗಳಂದು ಉಣ್ಣಲು ಬರುತ್ತಲೇ ಇದ್ದ.