ಪೆನ್ಸಿಲ್ ಗೆರೆ

ರಾಟರ್‌ಡ್ಯಾಮಿನ ಈ ನಾಲ್ಕನೇ ಮಹಡಿಗೆ
ಬೂಷ್ಟು ಬಂದದ್ದು ನೆಲಿಟೊ ಹುಟ್ಟಿದ ವರ್ಷ.
ಅವನು ನೆಲದಿಂದ ಮೇಲಕ್ಕೆ ಬೆಳೆದ,
ಅದು ಸೂರಿನಿಂದ ಕೆಳಕ್ಕೆ.
ಒಂದೇ ಗೋಡೆ. ಇಬ್ಬರಿಗೂ ಗೆರೆ ಎಳೆದು
ತಾರೀಖು ಬರೆಯುತ್ತ ಬಂದವಳು ನಾನು.

ವಸತಿ ಕಂಪನಿಯ ಆಸಾಮಿ ಇವತ್ತು ಬಂದಿದ್ದ.
ಗೋಡೆಗೊಂದು ಯಂತ್ರ ಒತ್ತಿದ, ಅದು ಕುಂಯ್ ಅಂದಿತು.
"ಎಷ್ಟು ಜನ ಇದ್ದೀರಿ?"
ಮೂವರು.
"ನಿಜವಾಗಿ?"
ನಿಜವಾಗಿಯೂ ಮೂವರು.
ಒಲೆಯ ಮೇಲೆ ಜೋಳ, ಕಾಳು, ಮೂಳೆ ಕುದಿಯುತ್ತಿತ್ತು.
ಮುಚ್ಚಳ ಎತ್ತಿ ನೋಡಿದ,
ಕದ್ದ ಮಾಲು ಸಿಕ್ಕವನ ಹಾಗೆ.
"ನಿಮ್ಮವರ ಅಡುಗೆಯೇ ಇಷ್ಟು. ಬರೀ ಹಬೆ.
ಕಿಟಕಿ ತೆಗೆದಿಡಿ."

ನಾನು ಹುಟ್ಟಿದ್ದು ಇಲ್ಲಿಂದ ಎರಡು ಟ್ರಾಮ್ ನಿಲ್ದಾಣದಾಚೆ.
ಆತನ ಭಾಷೆಯ ವ್ಯಾಕರಣವನ್ನು
ಆತನ ಮಕ್ಕಳಂಥವರಿಗೆ ಹೇಳಿಕೊಡುತ್ತೇನೆ.
ಆದರೂ ಆತ ಬಾಯಿ ಅಗಲಿಸಿ, ಬಿಡಿಸಿ ಬಿಡಿಸಿ:
ಕಿ. ಟ. ಕಿ.

ತೆಗೆದರೆ ಜನವರಿ ಒಳಗೆ ಬರುತ್ತದೆ ಸ್ವಾಮಿ,
ಬಂದು ಕಾಲು ಚಾಚಿ ಮಲಗುತ್ತದೆ,
ಅದರ ಪಾಲಿನ ಬಾಡಿಗೆ ಯಾರು ಕೊಡುತ್ತಾರೆ?
ಹೀಗಂತ ಆಮೇಲೆ, ಪಾತ್ರೆ ತೊಳೆಯುವಾಗ ಅಂದೆ.

ಕೆಳಮನೆಯ ಹೆಂಡ್ರಿಕ್ಯೆ ಅಜ್ಜಿ
ಚಳಿಗಾಲವಿಡೀ ಬಟಾಣಿ ಸೂಪು ಕುದಿಸುತ್ತಾಳೆ.
ಅವಳ ಗೋಡೆಯಲ್ಲೂ ಇದೇ ಕಪ್ಪು;
ಅದಕ್ಕೆ ಅವರಿಟ್ಟ ಹೆಸರು ಪೈಪಿನ ದೋಷ.
ಎರಡು ವಾರಕ್ಕೆ ಕೆಲಸದವರು ಬಂದರು.
ಆ ಕಾಗದವನ್ನು ಅಜ್ಜಿಯೇ ತಂದುಕೊಟ್ಟಳು,
ಮೆಟ್ಟಿಲು ಹತ್ತಿದ ಏದುಸಿರಲ್ಲಿ,
ನನ್ನ ಮುಖ ನೋಡದೆ.

ಅಮ್ಮ ನಸುಕಿನ ನಾಲ್ಕೂವರೆಗೆ ಹೊರಡುತ್ತಾಳೆ,
ಅದೇ ಕಂಪನಿಯ ಕಚೇರಿ ಒರೆಸಲು.
ನಮ್ಮ ಅರ್ಜಿ ಅಲ್ಲೆಲ್ಲೋ ಇರಬೇಕು,
ಓದಲು ಬಾರದೆ ಧೂಳು ಮಾತ್ರ ತೆಗೆಯುತ್ತಾಳೆ.
"ಎಂಥ ಒಣ ಗೋಡೆಗಳೇ ಜುಲ್ಮಿರಾ,
ಮೀನು ಒಣಹಾಕಬಹುದು!" ಎಂದು ನಗುತ್ತಾಳೆ.
ಸಾವ್ ವಿಸೆಂಟೆಯ ದಂಡೆಯವಳು,
ಒಣಗಿದ್ದು ಎಂದರೇನೆಂದು ಬಲ್ಲವಳು.

ಹೊರಡುವ ಮೊದಲು ಆತ ಗೆರೆಗಳನ್ನು ಕಂಡ.
"ಗೋಡೆಗೆ ಗೀಚಿದ್ದು ಯಾರು?"
ಅದೊಂದನ್ನೇ ಬರೆದುಕೊಂಡ.
ಮುಂಗಡದಲ್ಲಿ ಮುರಿದುಕೊಳ್ಳುತ್ತಾರಂತೆ.

ರಾತ್ರಿ ನೆಲಿಟೊ ಕೆಮ್ಮಿ ಎದ್ದ.
ಇನ್‌ಹೇಲರ್ ಎರಡು ಸಲ ಒತ್ತಿದೆ.
ಉಸಿರು ಹದಕ್ಕೆ ಬಂದಮೇಲೆ ತಾನೇ ಹೋಗಿ ನಿಂತ,
ಬೆನ್ನು ಗೋಡೆಗೆ ತಾಗದಂತೆ, ನಾನು ಕಲಿಸಿದ ಹಾಗೆ.
ಎರಡು ಗೆರೆಗಳ ನಡುವೆ ಈಗ ಒಂದು ಗೇಣು.
"ಹಿಮ್ಮಡಿ ಎತ್ತಬೇಡ," ಅಂದೆ.
ಎತ್ತಿದ.