ಕಂಬಳಿ ಮರೀಬ್ಯಾಡ

ಸಲೋಮಿ, ನೀ ಕೇಳಿದ್ದು ಪಗಾರದ ಮಾತಲ್ಲ, ಗೊತ್ತದ.
ಪಗಾರ ಕಾಗದದ ಮ್ಯಾಲೇ ಅದ, ಸಿಕ್ಕಾ ಹೊಡದು ಕಳಸ್ಯಾರ.
ನೀ ಕೇಳಿದ್ದು: ಅಲ್ಲಿ ಏನದ, ಚಿಗವ್ವ?

ಮೊದಲು ಕಂಬಳಿ. ದಪ್ಪಂದು ತಗೊಂಡು ಬಾ.
ಮರಳುಗಾಡು ಅಂದ್ರ ಬಿಸಲು ಅಂತ ನಾನೂ
ಎರಡು ತೆಳ್ಳನ ಚಾದರ ಹಿಡಕೊಂಡು ಬಂದಾಕಿ.
ಜನವರಿಯಾಗ ಹಫರ್ ಅಲ್-ಬಾತಿನ್‌ದ ಗಾಳಿ
ಹಲ್ಲಿನ ಸಂದಿಗೂ ನುಗ್ತದ.
ಬೆಳಗಿನ ಪಾಳಿ ಬಸ್ಸಿನಾಗ, ನಮ್ಮ ಉಸಿರಿಗೆ ಮಬ್ಬಾದ ಗಾಜಿನ ಮ್ಯಾಲ
ಮರಿವಿಕ್ ತನ್ನ ಮಗನ ಹೆಸರು ಬರೀತಾಳ.
ಗೇಟಿನ ತನಕ ಉಳೀತದ.

ಗೇಟು ಮೂರು ಅವ. ಮೂರೂ ಕಡೆ ಗುರುತಿನ ಚೀಟಿ.
ಕಡೀ ಗೇಟಿನ ಹುಡುಗ, ಬಂದೂಕಕ್ಕಿಂತ ಸಣಕಲ,
ನನ್ನ ಚೀಟಿ ನೋಡೋದು ಬಿಟ್ಟು ವರ್ಷ ಆತು.
ಅವನಕ್ಕನ ಹೆರಿಗಿ ನಮ್ಮ ವಾರ್ಡಿನಾಗೇ ಆಗಿತ್ತು.
ಈಗ ಅವನೇ ಕೇಳ್ತಾನ:
"ಸಿಸ್ಟರ್, ಇವತ್ತು ನಿಮ್ಮ ಬಿಪಿ ಎಷ್ಟು?"

ಸಮುದ್ರ ಇಲ್ಲ. ಗಲ್ಫ್ ಅಂದ ಕೂಡ್ಲೇ ಊರಾಗ
ಎಷ್ಟು ಮಜಲಿನ ಊರು ಅಂತ ಕೇಳ್ತಾರ.
ಇಲ್ಲಿ ಎತ್ತರಂದ್ರ ನೀರಿನ ಟಾಕಿ ಒಂದೇ.
ಹಫರ್ ಅಂದ್ರ ತೋಡಿದ್ದು ಅಂತ; ಹಜ್ಜಿಗೆ ಹೋಗವರಿಗೆ
ಹಿಂದ ಯಾರೋ ಬಾವಿ ತೋಡಿದ್ರಂತ.
ನನಗ ನಮ್ಮ ಬೀದರಿನ ಸುರಂಗ ಬಾವಿ ನೆನಪಾತು:
ಕೆಂಪು ಕಲ್ಲಿನ ಕೆಳಗ, ಯಾರಿಗೂ ಕಾಣದಾಂಗ ಹರಿಯೋ ನೀರು.
ನರ್ಸಿನ ಕೆಲಸಾನೂ...
ಬ್ಯಾಡ ಬಿಡು, ದೊಡ್ಡ ಮಾತಾಗ್ತದ.

ವಿಮಾನದ ಸದ್ದು ನಿನಗ ಹೊಸದಲ್ಲ.
ನಮ್ಮ ಚರ್ಚಿನ ಮಾಳಿಗಿ ಮ್ಯಾಲ ಕಲಿಯೋ ಪೈಲಟ್ಟುಗಳು
ಗಿರಕಿ ಹೊಡೀತಿದ್ರಲ್ಲ,
ಪಾದ್ರಿಗಳು ಪ್ರಸಂಗ ನಿಲ್ಲಿಸಿ ಕಣ್ಣು ಮುಚ್ಚಿ ಕಾಯ್ತಿದ್ರಲ್ಲ,
ಹಾಂಗೇ ಇಲ್ಲೂ ಕಾಯ್ತೀವಿ,
ಹಸುಗೂಸಿನ ಎದಿ ಮ್ಯಾಲ ಸ್ಟೆತಸ್ಕೋಪ್ ಇಟ್ಟು
ಆಕಾಶ ಖಾಲಿ ಆಗೋ ತನಕ.

ಜ್ವಾಳದ ಹಿಟ್ಟು ಸಿಗ್ತದ. ಯಮನಿನವನ ಅಂಗಡಿಯಾಗ
ದುರಾ ಅಂತ ಕೇಳು. ಶುಕ್ರವಾರ ಸಂಜಿ ಬಸ್ಸು,
ಮೂರೇ ತಾಸು, ತಡಾ ಮಾಡಿದ್ರ ಬಿಟ್ಟು ಹೋಗ್ತಾನ.
ರೊಟ್ಟಿ ಬಡಿಯೋ ಸದ್ದಿಗೆ ಕೆಳಗಿನಾಕಿ ದೂರು ಕೊಟ್ಟಿದ್ಲು;
ಮರುವಾರ ಆಕಿನೇ ತಾಟು ಹಿಡಕೊಂಡು ಮೆಟ್ಟಿಲ ಹತ್ತಿ ಬಂದ್ಲು.
ಡಿಸೆಂಬರಿನಾಗ ಪರದೆ ಎಳದು ಹನ್ನೊಂದು ಮಂದಿ
ನಾಲ್ಕು ಭಾಷಾದಾಗ, ಸಣ್ಣ ದನಿಲೆ.

ಎಲ್ಲಾರಿಗೂ ಒಗ್ಗೂದಿಲ್ಲ, ಅದನ್ನೂ ಹೇಳಬೇಕು.
ಕೊಟ್ಟಾಯಂದ ಬಿನ್ಸಿ ಹದಿನೇಳನೇ ದಿನಕ್ಕ ವಾಪಸ್ ಹೋದ್ಲು.
ಆಕಿ ಚಪ್ಪಲ್ ಇನ್ನಾ ಆ ಮಂಚದ ಕೆಳಗೇ ಅವ.
ಯಾರೂ ನಗಲಿಲ್ಲ.

ಹೋದ ವರ್ಷ ಧೂಳು ಎದ್ದ ರಾತ್ರಿ
ಡಾಕ್ಟರ ಗಾಡಿ ಎರಡನೇ ಗೇಟಿನಾಗ ನಿಂತುಬಿಟ್ಟಿತ್ತು.
ನೂಫ್ ಅಂತ ಹುಡುಗಿ, ಹತ್ತೊಂಬತ್ತು ವಯಸ್ಸು,
ಗಂಡ ಗಡಿ ಮ್ಯಾಲ, ಕೂಸಿನ ಕೊರಳಿಗೆ ಹುರಿ.
ನನ್ನ ಅರಬ್ಬಿ ಅಷ್ಟಕ್ಕಷ್ಟೇ; ಗಾಬರ್ಯಾಗ ಅದೂ ಹೋತು.
ಬಾಯಿಗೆ ಬಂದದ್ದು ನಮ್ಮವ್ವನ ಮಾತು:
ತಡಿ ಯವ್ವಾ, ತಡಿ, ತಡಿ, ಈಗ ಬ್ಯಾಡ...
ಹಾಂ, ಈಗ.
ಆಕಿಗೆ ತಿಳೀತು.

ಈ ಫೆಬ್ರುವರಿಗೆ ಆಕಿ ಅತ್ತಿ ಉಮ್ಮ್ ಫಲಾಹ್
ಪ್ಲಾಸ್ಟಿಕ್ ಚೀಲದ ತುಂಬ ಫಗಾ ತಂದ್ಲು,
ಮಣ್ಣು ಮೆತ್ತಿದ ಗಡ್ಡಿ; ಗುಡುಗು ಹೊಡದ್ರೇ ಹುಟ್ತಾವಂತ.
ಬಗಲಾಗ ಮೊಮ್ಮಗ, ಚೀರಾಕತ್ತಿದ್ದ.
ಮುದುಕಿ ಅವನ ಬೆನ್ನು ತಟ್ಟಿಕೋತ,
ತದಿ ತದಿ, ಅಂದ್ಲು. ತದಿ ತದಿ.
ನಾ ಆ ರಾತ್ರಿ ಓದಿದ್ದು ದುವಾ ಅಂತ ತಿಳಕೊಂಡಾಳ.
ಮನ್ಯಾಗ ಎಲ್ಲಾರೂ ಕಲತಾರಂತ.
ನಾ ತಿದ್ದಲಿಲ್ಲ.

ಕರಾರಿಗೆ ಮೂರನೇ ಸಲ ಸಹಿ ಹಾಕೀನಿ. ಯಾಕ ಅಂತ
ಬಂದ ಮ್ಯಾಲ ನೀನೇ ಹೇಳು ನನಗ.
ಮತ್ತ ಜರಡಿ ಒಂದು ತಾ, ಸಣ್ಣ ಕಣ್ಣಿಂದು. ನನ್ನದು ಹರದದ.
ಇಲ್ಲಿ ಏನು ಮಾಡಿದ್ರೂ ಹಿಟ್ಟಿನಾಗ ಒಂದೀಟು ಮರಳು.